ನೀರು ಹೊಡಿಯೋನಿಗೆ ರೊಕ್ಕ ಯಾರು ಕೊಡ್ತಾರ್ರಿ?

ಹೋದ ವರ್ಷ ಬೇಸಿಗೇಲಿ ಒಂದು ಸರ್ಕಾರಿ ಹಾಸ್ಟೆಲ್ ಕಟ್ಟಡಕ್ಕೆ ಮೋಲ್ಡ್ ಹಾಕ್ತಿದ್ವಿ, ನಾನು ಕಂಟ್ರಾಕ್ಟರ್ ಕಡೆ ಸೈಟ್ ಇಂಜಿನಿಯರ್. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಮಾಲು ಗಟ್ಟಿ ಬರ್ತಿದೆ, ಎಳೆಯೋಕೆ ಆಗ್ತಿಲ್ಲ ಅಂತ ಮಿಕ್ಸರ್ ಹತ್ರ ಇದ್ದ ಹುಡುಗ ಪೈಪ್ ಹಿಡಿದು ಸೀದಾ ನೀರು ಬಿಟ್ಟ. ಅಳತೆ ಡಬ್ಬ ಪಕ್ಕದಲ್ಲೇ ಬಿದ್ದಿತ್ತು. ನೀರು ಜಾಸ್ತಿ ಆದಷ್ಟೂ ಕಾಂಕ್ರೀಟಿನ ಬಲ ಕಮ್ಮಿ. ನಮ್ದು ಎಂ25 ದರ್ಜೆ ಕಾಂಕ್ರೀಟು, ಐಎಸ್ 456 ಅನ್ನೋ ಕಾಂಕ್ರೀಟ್ ಕೋಡ್ ಪ್ರಕಾರ ಸಿಮೆಂಟಿಗೆ ನೀರಿನ ಪ್ರಮಾಣ (ವಾಟರ್ ಸಿಮೆಂಟ್ ರೇಶಿಯೋ) 0.50 ದಾಟಬಾರ್ದು, ಅಂದ್ರೆ 50 ಕೆಜಿ ಮೂಟೆಗೆ ಹೆಚ್ಚಂದ್ರೆ 25 ಲೀಟರ್, ಮರಳಲ್ಲಿರೋ ತೇವಾನೂ ಅದ್ರಲ್ಲೇ ಸೇರಿ. ಅವನು ಬಿಟ್ಟಿದ್ದಕ್ಕೆ ಲೆಕ್ಕಾನೇ ಇಲ್ಲ. ನಾನು ಕೂಗಾಡಿ ಮಿಕ್ಸರ್ ನಿಲ್ಲಿಸಿದೆ, ಆದ್ರೆ ಅಷ್ಟರಲ್ಲಿ ನಾಲ್ಕೈದು ಮಿಕ್ಸ್ ಮೇಲೆ ಹೋಗಿಬಿಟ್ಟಿತ್ತು.

ಕ್ಯೂಬ್ ಟೆಸ್ಟ್ ಇದೆಯಲ್ಲ, ಅದೇ ಮಾಲನ್ನ ಅಚ್ಚಲ್ಲಿ ತುಂಬಿ ಗಟ್ಟಿಯಾದ್ಮೇಲೆ ಲ್ಯಾಬ್‌ನಲ್ಲಿ ಒಡೆದು ಬಲ ನೋಡೋದು, ಅದ್ರಲ್ಲಿ ಗೊತ್ತಾಗಲ್ವಾ ಅಂತ ಕೇಳ್ತೀರ. ಅವತ್ತು ಸುಮಾರು 40 ಕ್ಯೂಬಿಕ್ ಮೀಟರ್ ಕಾಂಕ್ರೀಟು, ಕೋಡ್ ಪ್ರಕಾರ 4 ಸ್ಯಾಂಪಲ್, ಒಂದೊಂದಕ್ಕೆ 3 ಅಂತ 12 ಕ್ಯೂಬ್ ಬೇಕು, ಬೇರೆ ಬೇರೆ ಹೊತ್ತಲ್ಲಿ ತೆಗೀಬೇಕು. ಆದ್ರೆ ಬೆಳಿಗ್ಗೆ ಕೆಲಸ ಶುರುವಾಗೋಕೆ ಮುಂಚೇನೇ ಸಿಮೆಂಟ್ ಜಾಸ್ತಿ ಹಾಕಿ ಸ್ವಲ್ಪ ಮಾಲು ಬೇರೆ ಕಲಸಿ 12ನ್ನೂ ಒಂದೇ ಸಲ ತುಂಬಿಟ್ಟಿದ್ರು. 28 ದಿನ ಆದ್ಮೇಲೆ ಎಲ್ಲಾ ಪಾಸು. ಲ್ಯಾಬ್‌ನವರದ್ದೇನೂ ತಪ್ಪಿಲ್ಲ, ಅವರು ಒಡೆದ ಕ್ಯೂಬ್‌ಗೂ ಹಾಸ್ಟೆಲ್ ಹುಡುಗರ ತಲೆ ಮೇಲಿರೋ ಸ್ಲ್ಯಾಬ್‌ಗೂ ಸಂಬಂಧ ಇಲ್ಲ ಅಷ್ಟೇ. ನಾನೂ ಆ ರಿಜಿಸ್ಟರ್‌ಗೆ ಸೈನ್ ಹಾಕಿದೀನಿ, ಅದು ಈಗ್ಲೂ ಚುಚ್ಚುತ್ತೆ.

ಮಾರನೇ ದಿನ ಮೇಸ್ತ್ರಿ ಹತ್ರ ಅಣ್ಣಾ, ಹತ್ತು ದಿನ ಕ್ಯೂರಿಂಗ್, ಅಂದ್ರೆ ಸ್ಲ್ಯಾಬ್ ಒಣಗದ ಹಾಗೆ ನೀರು ಹೊಡಿಯೋದು, ಆಗ್ಲೇಬೇಕು ಅಂದೆ. ರಾಯಚೂರು ಕಡೆಯವರು, ನನಗಿಂತ ಎಷ್ಟೋ ಹೆಚ್ಚು ಸ್ಲ್ಯಾಬ್ ಕಂಡೋರು. "ಸರ, ನೀರು ಹೊಡಿಯೋಕ ದಿನಾ ಒಬ್ಬ ಆಳು ಬೇಕು, ಅವಂಗ ರೊಕ್ಕ ಯಾರು ಕೊಡ್ತಾರ್ರಿ? ನಂಗ ಚದರಕ್ಕಿಷ್ಟು ಅಂತ ಮಾತಾಗೇದ" ಅಂದ್ರು.

ಮನೆಗೆ ಬಂದು ಎಸ್ಟಿಮೇಟ್ ತೆಗೆದು ನೋಡ್ದೆ. ಕಾಂಕ್ರೀಟ್ ಐಟಂ ಎದುರಿಗೆ ಕ್ಯೂರಿಂಗ್ ಕೂಡ ಸೇರಿ ಅಂತ ಒಂದು ಮಾತಿದೆ, ಬೇರೆ ರೇಟ್ ಇಲ್ಲ. ನನ್ನ ಪ್ರಕಾರ ರೋಗದ ಬೇರು ಇಲ್ಲೇ ಇರೋದು. ಟೆಂಡರ್‌ನಲ್ಲಿ ಕಮ್ಮಿ ಹಾಕಿದೋನಿಗೇ ಕೆಲಸ, ಅದಕ್ಕೆ ಎಸ್ಟಿಮೇಟ್‌ಗಿಂತ 20 ಪರ್ಸೆಂಟ್ ಲೆಸ್ ಹಾಕಿ ತಗೋತಾರೆ, ಸ್ಟೀಲ್ ಕಮ್ಮಿ ಮಾಡಿದ್ರೆ ಕಣ್ಣಿಗೆ ಕಾಣುತ್ತೆ, ನೀರು ಹೊಡೀದಿದ್ರೆ ಕಾಣಲ್ಲ, ಹಾಗಾಗಿ 'ಸೇರಿ' ಅಂತ ಇರೋದೇ ಮೊದಲು ಉದುರೋದು. ಮೇಲಿಂದ ಎಂ.ಬಿ. (ಆದ ಕೆಲಸದ ಅಳತೆ ಪುಸ್ತಕ) ಬರೆದ್ರೂ ಬಿಲ್ ತಿಂಗಳುಗಟ್ಟಲೆ ಆಗಲ್ಲ, ಬಡ್ಡಿ ಸಾಲ ತಂದು ಕೂಲಿ ಕೊಡೋ ಕಂಟ್ರಾಕ್ಟರು ಆ ಬಡ್ಡೀನ ಎಲ್ಲಿಂದ ತೆಗೀತಾನೆ?

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಹೊರಡಿಸಿದ ಸೂಚನೇಲಿ ಒಳ್ಳೆ ಅಂಶಗಳಿದಾವೆ. ರನ್ನಿಂಗ್ ಬಿಲ್ (ಕೆಲಸ ನಡೀತಿರುವಾಗಲೇ ಕಂಟ್ರಾಕ್ಟರ್ ಹಾಕೋ ಬಿಲ್) ಕೊಟ್ಟ 10 ಕೆಲಸದ ದಿನದೊಳಗೆ 75 ಪರ್ಸೆಂಟ್ ದುಡ್ಡು ಕೊಡ್ಬೇಕು, ಕೆಲವು ಕಾಮಗಾರಿಗಳಿಗೆ ರೇಟ್ ಜೊತೆ ಗುಣಮಟ್ಟಕ್ಕೂ 30 ಪರ್ಸೆಂಟ್‌ವರೆಗೆ ಅಂಕ ಕೊಡಬಹುದು ಅಂತ. ಬಿಲ್ ವಿಷಯ ತಾಲ್ಲೂಕು ಮಟ್ಟದ ಕೆಲಸಕ್ಕೂ ಬರ್ಲೇಬೇಕು ಅಂತ ನನ್ನ ಆಸೆ. ಅಂಕದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ, ಸರ್ಟಿಫಿಕೇಟ್ ಫೈಲು ದಪ್ಪ ಇರೋರಿಗೆ ಅಂಕ ಬರುತ್ತೆ, ಸ್ಲ್ಯಾಬ್ ಹಾಕೋದು ಮತ್ತೆ ಅದೇ ಸಬ್ ಕಂಟ್ರಾಕ್ಟ್ ಮೇಸ್ತ್ರಿ. ಅದಕ್ಕಿಂತ ಕ್ಯೂರಿಂಗ್‌ನ ಬೇರೆ ಐಟಂ ಮಾಡಿ ದಿನದ ಲೆಕ್ಕದಲ್ಲಿ ದುಡ್ಡು ಕೊಡಿ, ಕ್ಯೂಬ್ ತೆಗೆಯೋಕೆ ಲ್ಯಾಬ್‌ನವರೇ ಬಂದು ಯಾವ ಮಿಕ್ಸ್ ಅಂತ ಅವರೇ ಆರಿಸ್ಕೊಳ್ಳಲಿ.

ಈಗ ನಾನು ಸ್ವಂತವಾಗಿ ಸಣ್ಣಪುಟ್ಟ ಮನೆ ಕೆಲಸ ಮಾಡಿಸ್ತೀನಿ. ಅಗ್ರಿಮೆಂಟ್‌ನಲ್ಲಿ ಕ್ಯೂರಿಂಗ್ 14 ದಿನ, ಒಬ್ಬ ಆಳು, ದಿನಕ್ಕಿಷ್ಟು ಅಂತ ಬೇರೆ ಸಾಲೇ ಬರೀತೀನಿ. ಮನೆ ಓನರ್ ಒಬ್ರು ಇದೇನು ಹೊಸದು ಅಂತ ತಕರಾರು ಮಾಡಿದ್ರು, ಕೂತು ವಿವರಿಸಿದ ಮೇಲೆ ಒಪ್ಕೊಂಡ್ರು. ಆ ಮನೇಲಿ ನೀರು ಹೊಡಿಯೋಕೆ ಬಂದಿದ್ದು ಅದೇ ಮೇಸ್ತ್ರಿ ತಮ್ಮ. ಹನ್ನೊಂದನೇ ದಿನ ನಾನು ಹೇಳದೆ ಹೋದೆ, ಸ್ಲ್ಯಾಬ್ ಮೇಲೆ ಕಟ್ಟಿದ ಪಾತಿ ತುಂಬಾ ನೀರು ನಿಂತಿತ್ತು.