ನಿವೃತ್ತಿಯ ನಂತರ ಎಲ್ಲಿ ನೆಲೆಸಬೇಕು?

ಹಿರಿಯರ ಮನೆಗಳಿಗೇ ಹೋಗಿ ಫಿಸಿಯೋಥೆರಪಿ ಮಾಡಿಸುವ ಕೆಲಸದಲ್ಲಿ ನಾನು 31 ವರ್ಷ ಕಳೆದಿದ್ದೇನೆ. ನನ್ನ ವೃತ್ತಿ ಏನೆಂದು ತಿಳಿದ ಕೂಡಲೇ, ಅರವತ್ತರ ಆಸುಪಾಸಿನವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಇಷ್ಟೊಂದು ಮನೆ ನೋಡಿದ್ದೀರಿ, ವಯಸ್ಸಾದ ಮೇಲೆ ಹೋಗಿ ಇರುವುದಕ್ಕೆ ಎಂಥ ಜಾಗ ಒಳ್ಳೆಯದು, ಹೇಳಿ." ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಜಾಗ ಆಗಲೇ ಇರುತ್ತದೆ. ಎಂದೋ ರಜೆಯಲ್ಲಿ ನಾಲ್ಕು ದಿನ ಇದ್ದು ಬಂದ, ತಣ್ಣನೆಯ ಗಾಳಿಯ, ಜನಸಂದಣಿಯಿಲ್ಲದ ಜಾಗ ಅದು. ಅದು ಕೆಟ್ಟ ಆಯ್ಕೆ ಎಂದು ನಾನು ಹೇಳುವುದಿಲ್ಲ. ಆದರೆ ಇಬ್ಬರಲ್ಲಿ ಒಬ್ಬರೇ ಉಳಿದು, ಹಾಗೆ ಉಳಿದವರು ವಾಹನ ಓಡಿಸುವುದನ್ನೂ ಬಿಟ್ಟ ಮೇಲೆ, ಅಲ್ಲಿ ಒಂದು ಸಾಧಾರಣ ದಿನ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಸಾಗುತ್ತದೆ ಎಂಬುದನ್ನು ಕಣ್ಣಮುಂದೆ ತಂದುಕೊಂಡು, ಆಮೇಲೆ ತೀರ್ಮಾನಿಸಿ ಎನ್ನುತ್ತೇನೆ.

ಹೀಗೆ ಹೇಳುವಾಗಲೆಲ್ಲ ನನಗೆ ಒಬ್ಬ ತಾಯಿಯ ನೆನಪಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಇಷ್ಟಪಟ್ಟು ಗುಡ್ಡದ ಇಳುಕಲಿನಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಕಿಟಕಿ ತೆರೆದರೆ ಇಡೀ ಕಣಿವೆ ಕಾಣುತ್ತಿತ್ತು. ಮನೆಯಿಂದ ರಸ್ತೆಗೆ 23 ಮೆಟ್ಟಿಲು. ಗಂಡ ತೀರಿಕೊಂಡ ಮೂರನೆಯ ವರ್ಷ, ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ, ನಾನು ಅಲ್ಲಿಗೆ ಹೋಗತೊಡಗಿದೆ. ಹದಿನಾಲ್ಕನೆಯ ಮೆಟ್ಟಿಲಿನ ಬಳಿ ಸ್ವಲ್ಪ ಅಗಲವಾದ ಜಾಗವಿತ್ತು. ಅಲ್ಲಿ ಒಂದು ಕಬ್ಬಿಣದ ಮಡಚುಕುರ್ಚಿ ಇಟ್ಟಿದ್ದರು. ಮಳೆ ಬಿಸಿಲಿಗೆ ಅದರ ಕಾಲುಗಳು ತುಕ್ಕು ಹಿಡಿದು, ಕಲ್ಲಿನ ಮೇಲೆ ನಾಲ್ಕು ಕಂದು ಕಲೆಗಳು ಮೂಡಿದ್ದವು. "ಇಲ್ಲಿ ಕೂತು ಯೋಚನೆ ಮಾಡ್ತೀನಮ್ಮಾ, ಮೇಲೆ ಹೋಗಲೋ, ವಾಪಸ್ ಮನೆಗೇ ಇಳಿಯಲೋ ಅಂತ. ಹೆಚ್ಚಿನ ದಿನ ಇಳಿದುಬಿಡ್ತೀನಿ" ಎಂದರು. ರ‍್ಯಾಂಪ್ ಹಾಕಿಸಬಹುದೇ ಎಂದು ಅವರ ಮಗ ಕೇಳಿದಾಗ ನಾವಿಬ್ಬರೂ ಲೆಕ್ಕ ಹಾಕಿದೆವು. ಗಾಲಿಕುರ್ಚಿ ಸುರಕ್ಷಿತವಾಗಿ ಹೋಗಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಒಂದೊಂದು ಮೆಟ್ಟಿಲೂ 15 ಸೆಂಟಿಮೀಟರ್ ಎತ್ತರವಿದ್ದುದರಿಂದ 41 ಮೀಟರಿಗೂ ಹೆಚ್ಚು ಉದ್ದದ ರ‍್ಯಾಂಪ್ ಬೇಕಾಗುತ್ತಿತ್ತು, ನಡುನಡುವೆ ನಿಲ್ಲುವ ತಾಣಗಳು ಬೇರೆ. ಅಷ್ಟು ಜಾಗ ಅಲ್ಲಿ ಇರಲೇ ಇಲ್ಲ.

ಆ ದಂಪತಿ ದುಡುಕಿದ್ದರೆಂದು ನನಗೆ ಅನ್ನಿಸುವುದಿಲ್ಲ. ಅವರು ಬದುಕಿನ ಒಂದು ಘಟ್ಟಕ್ಕೆ ಸರಿಯಾಗಿಯೇ ಆರಿಸಿದ್ದರು. ಮುಂದಿನ ಘಟ್ಟವನ್ನು ಮಾತ್ರ ಯಾರೂ ಅವರಿಗೆ ಹೇಳಿರಲಿಲ್ಲ. ಯೂಜೀನ್ ಲಿಟ್‌ವಾಕ್ ಮತ್ತು ಚಾರ್ಲ್ಸ್ ಲಾಂಜಿನೋ ಎಂಬ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು 1987ರಲ್ಲಿ ಬರೆದ ಒಂದು ಲೇಖನದಲ್ಲಿ, ಇಳಿವಯಸ್ಸಿನ ವಲಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ನಿವೃತ್ತರಾದ ಹೊಸತರಲ್ಲಿ, ಕೈಕಾಲು ಗಟ್ಟಿಯಿರುವಾಗ, ಹಿತವಾದ ಪರಿಸರವನ್ನು ಅರಸಿ ಹೋಗುವುದು ಮೊದಲನೆಯದು. ದಿನನಿತ್ಯದ ಕೆಲಸಗಳು ಕಷ್ಟವಾಗತೊಡಗಿ, ಅದರಲ್ಲೂ ಸಂಗಾತಿ ಇಲ್ಲವಾದಾಗ, ಮಕ್ಕಳ ಅಥವಾ ಬಂಧುಗಳ ಸಮೀಪಕ್ಕೆ ಬರುವುದು ಎರಡನೆಯದು. ಮನೆಯವರ ಕೈಮೀರಿದ ಆರೈಕೆ ಬೇಕಾದಾಗ ಆರೈಕೆ ಕೇಂದ್ರಕ್ಕೆ ಸೇರುವುದು ಮೂರನೆಯದು. ಎಲ್ಲರೂ ಈ ಮೂರನ್ನೂ ದಾಟುತ್ತಾರೆಂದಲ್ಲ. ಆದರೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಮೊದಲನೆಯದನ್ನೇ ಕೊನೆಯದೆಂದು ಭಾವಿಸಿ, ಇದ್ದ ಮನೆಯನ್ನು ಮಾರಿ, ಕೈಯಲ್ಲಿದ್ದ ಹಣವನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಇನ್ನೊಮ್ಮೆ ಮನೆ ಬದಲಿಸುವ ಶಕ್ತಿಯನ್ನೂ ಹಣವನ್ನೂ ತೆಗೆದಿಟ್ಟುಕೊಂಡು ಹೋಗುವುದಾದರೆ, ಗುಡ್ಡದ ಮೇಲಿನ ಮನೆಯೂ ಹತ್ತು ವರ್ಷ ಬಹಳ ಸುಖ ಕೊಡಬಲ್ಲದು.

ಆಸ್ಪತ್ರೆ ಹತ್ತಿರವಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹತ್ತಿರ, ಎಂಥ ಆಸ್ಪತ್ರೆ ಎಂದು ವಿಚಾರಿಸುವವರು ಕಡಿಮೆ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂಬ ಅಂದಾಜಿದೆ. ಲಕ್ವ ಹೊಡೆದವರ ಕೈಬೆರಳು ಬಿಡಿಸಲು ತಿಂಗಳುಗಟ್ಟಲೆ ಹೆಣಗುವವಳು ನಾನು. ಆ ಮೊದಲ ಗಂಟೆಗಳ ಬೆಲೆ ನನಗೆ ಗೊತ್ತು. ಆದ್ದರಿಂದ ಕಿಲೋಮೀಟರ್ ಎಣಿಸಬೇಡಿ. ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರಲು ಎಷ್ಟು ಹೊತ್ತು, ಅದು ಕರೆದೊಯ್ಯುವ ಆಸ್ಪತ್ರೆಯಲ್ಲಿ ಆ ಹೊತ್ತಿಗೂ ಸ್ಕ್ಯಾನ್ ನಡೆಯುತ್ತದೆಯೇ ಎಂದು ಅಲ್ಲಿಯೇ ಇರುವವರನ್ನು ಕೇಳಿ. ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿರುವವರು ಎತ್ತರದ ಪ್ರದೇಶಗಳ ಬಗ್ಗೆ ವೈದ್ಯರ ಸಲಹೆ ಪಡೆಯಲೇಬೇಕು; 2,500 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ದೊರಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರಕುವುದರ ಮುಕ್ಕಾಲು ಪಾಲು ಮಾತ್ರ.

ಮನೆಯೊಳಗಿನ ವಿಷಯ ಬೇಗ ಮುಗಿಯುತ್ತದೆ: ಮಲಗುವ ಕೋಣೆ ಮತ್ತು ಸ್ನಾನದ ಮನೆ ನೆಲಮಟ್ಟದಲ್ಲಿರಲಿ, ಬಾಗಿಲು ಗಾಲಿಕುರ್ಚಿ ಹಿಡಿಸುವಷ್ಟು ಅಗಲವಿರಲಿ, ಬೆಳಕು ಹೆಚ್ಚಿರಲಿ. ಅರವತ್ತು ವರ್ಷದವರ ಕಣ್ಣಿನ ಒಳಪದರಕ್ಕೆ ಇಪ್ಪತ್ತರವರ ಕಣ್ಣಿಗೆ ತಲಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗವಷ್ಟೇ ತಲಪುತ್ತದೆ. ಆದರೆ ಶ್ರಮವನ್ನೇ ಪೂರ್ತಿ ತೆಗೆದುಹಾಕಬೇಡಿ ಎಂದೂ ಸೇರಿಸುತ್ತೇನೆ. ವೃದ್ಧಾಪ್ಯದ ಬಗ್ಗೆ ಸಂಶೋಧನೆ ಮಾಡಿದ ಪೊವೆಲ್ ಲಾಟನ್ ಮತ್ತು ಲೂಸಿಲ್ ನಹೇಮೊ 1973ರಲ್ಲಿ ಮುಂದಿಟ್ಟ ವಿಚಾರವೊಂದು ನನ್ನ ಅನುಭವಕ್ಕೆ ಚೆನ್ನಾಗಿ ಹೊಂದುತ್ತದೆ. ಪರಿಸರ ನಮ್ಮ ಶಕ್ತಿಗೆ ಮೀರಿದ್ದನ್ನು ಕೇಳಿದರೆ ಸೋತುಹೋಗುತ್ತೇವೆ, ಏನನ್ನೂ ಕೇಳದಿದ್ದರೆ ಇರುವ ಶಕ್ತಿಯೂ ಕುಂದುತ್ತದೆ ಎಂಬುದು ಅದರ ಸಾರ. ಸಮತಟ್ಟಾದ ದಾರಿಯಲ್ಲಿ, ನಡುವೆ ಒಂದೆರಡು ಕಡೆ ಕೂರಲು ಜಾಗವಿದ್ದು, ಹತ್ತು ನಿಮಿಷ ನಡೆದರೆ ಔಷಧಿ ಅಂಗಡಿಯೋ ಗ್ರಂಥಾಲಯವೋ ಸಿಗುವಂತಿದ್ದರೆ, ನಾನು ಮಾಡಿಸುವ ವ್ಯಾಯಾಮದ ಅರ್ಧದಷ್ಟನ್ನು ಆ ದಾರಿಯೇ ಮಾಡಿಸುತ್ತದೆ.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಜನ. ಹೊಸ ಜಾಗದಲ್ಲಿ ಗೆಳೆತನ ಬೆಳೆಯಲು ಎಷ್ಟು ಕಾಲ ಬೇಕೆಂಬುದನ್ನು ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅಧ್ಯಯನ ಮಾಡಿದ್ದಾರೆ. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕೆಂದು ಅವರು ಕಂಡುಕೊಂಡರು. ವಾರಕ್ಕೆ ಎರಡು ಗಂಟೆ ಒಬ್ಬರೊಡನೆ ಕಳೆದರೆ, 200 ಗಂಟೆ ತುಂಬುವಷ್ಟರಲ್ಲಿ ಸುಮಾರು ಎರಡು ವರ್ಷ ಕಳೆದಿರುತ್ತದೆ. ಬಾಗಿಲು ತೆರೆಯದಿದ್ದರೆ ಬಂದು ಬಡಿದು ನೋಡುವ ನೆರೆಯವರು ಈಗಿರುವ ಕಡೆ ನಿಮಗಿದ್ದರೆ, ಅವರನ್ನು ಬಿಟ್ಟು ಹೋಗುವಾಗ ಕಳೆದುಕೊಳ್ಳುತ್ತಿರುವುದು ಎಷ್ಟೆಂದು ಒಮ್ಮೆ ಎಣಿಸಿ ನೋಡಿ.

ಮಕ್ಕಳಿರುವ ಕಡೆಗೇ ಹೋಗುವುದಾದರೂ ಈ ಲೆಕ್ಕ ತಪ್ಪುವುದಿಲ್ಲ. ಮಗಳ ಊರಿಗೆ ಬಂದು ಒಂದೂವರೆ ವರ್ಷಕ್ಕೆ ಮಗಳಿಗೇ ಬೇರೆಡೆಗೆ ವರ್ಗವಾಗಿ, ಯಾರೂ ಪರಿಚಯವಿಲ್ಲದ ಜಾಗದಲ್ಲಿ ಉಳಿದುಹೋದ ದಂಪತಿಗೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ. "ನಾವು ಬಂದರೆ ನಿನಗೆ ಸಂತೋಷವೇ" ಎಂದು ಮಕ್ಕಳನ್ನು ಕೇಳಿದರೆ ಅವರು ಪ್ರೀತಿಯಿಂದ ಹೌದೆನ್ನುತ್ತಾರೆ. "ಇನ್ನು ಹತ್ತು ವರ್ಷ ನೀನು ಇಲ್ಲೇ ಇರುತ್ತೀಯಾ" ಎಂದು ಕೇಳುವುದು ಕಷ್ಟ, ಆದರೆ ತೀರ್ಮಾನಕ್ಕೆ ಬೇಕಾಗಿರುವುದು ಆ ಉತ್ತರವೇ.

ಯಾವಾಗ ಹೋಗಬೇಕೆಂದು ಕೇಳುವವರಿಗೆ, ಹೋಗುವುದೇ ಆದರೆ ತಡಮಾಡಬೇಡಿ ಎನ್ನುತ್ತೇನೆ. ಮರೆವಿನ ಕಾಯಿಲೆ ಶುರುವಾದವರನ್ನು ಹೊಸ ಮನೆಗೆ ಕರೆತಂದಾಗ, ರಾತ್ರಿ ಎದ್ದು ಬಚ್ಚಲ ದಾರಿ ತಿಳಿಯದೆ ಗೋಡೆ ತಡವುತ್ತಾ ನಿಂತವರನ್ನು ಕಂಡಿದ್ದೇನೆ. ಕಲಿಯುವ ಶಕ್ತಿ ಇರುವಾಗಲೇ ಹೋದರೆ ಸ್ವಿಚ್ಚು, ಹೊಸ್ತಿಲು, ತಿರುವುಗಳೆಲ್ಲ ಕೈಕಾಲಿಗೆ ರೂಢಿಯಾಗುತ್ತವೆ. ಆದರೆ ಸಂಗಾತಿಯನ್ನು ಕಳೆದುಕೊಂಡ ಮೊದಲ ತಿಂಗಳುಗಳಲ್ಲಿ ಮಾತ್ರ, ಯಾರು ಎಷ್ಟೇ ಒತ್ತಾಯಿಸಿದರೂ, ಮನೆ ಮಾರುವ ಕಾಗದಕ್ಕೆ ಸಹಿ ಹಾಕಬೇಡಿ. ಮೊದಲು ಬಾಡಿಗೆಗೆ ಇದ್ದು ನೋಡಿ, ಅದೂ ಆ ಜಾಗ ಅತ್ಯಂತ ಚೆನ್ನಾಗಿರುವ ಋತುವಿನಲ್ಲಲ್ಲ, ಅಲ್ಲಿಯವರೇ ಬೇಸತ್ತುಕೊಳ್ಳುವ ಋತುವಿನಲ್ಲಿ. ಆ ದಿನಗಳಲ್ಲಿ ಒಂದು ವಾರವಾದರೂ ಕಾರಿನ ಕೀಲಿಯನ್ನು ಮುಟ್ಟದೆ ಬದುಕಿ.

ಕುರ್ಚಿ ಇಟ್ಟುಕೊಂಡಿದ್ದ ಆ ತಾಯಿ ಕೊನೆಗೆ ದೂರವೆಲ್ಲಿಗೂ ಹೋಗಲಿಲ್ಲ. ಮಗ ತನ್ನ ಊರಿಗೆ ಕರೆದ. ಅವರು ಒಂದು ತಿಂಗಳು ಅಲ್ಲಿದ್ದು ಬಂದು, ಅದೇ ಗುಡ್ಡದ ಬುಡದಲ್ಲಿ, ರಸ್ತೆಯ ಮಟ್ಟಕ್ಕೇ ಇರುವ ಎರಡು ಕೋಣೆಯ ಮನೆ ಹಿಡಿದರು. ಅಲ್ಲಿಂದ ಕಣಿವೆ ಕಾಣುವುದಿಲ್ಲ, ಎದುರಿಗೆ ಬಸ್ ನಿಲ್ದಾಣ. ಹಳೆಯ ಗೆಳತಿಯರು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅವರ ಜಗಲಿಯ ಮೇಲೆಯೇ ಬಂದು ಕೂರುತ್ತಾರೆ. ಕಳೆದ ಬಾರಿ ನಾನು ಹೋದಾಗ, ವ್ಯಾಯಾಮ ಮುಗಿಯುವ ಮೊದಲೇ ಯಾರೋ ಹೊರಗಿನಿಂದ ಕೂಗಿದರು. ಅವರು ಕೋಲು ಹಿಡಿದು ಎದ್ದು ಹೊರಟೇಬಿಟ್ಟರು.