ಏನನ್ನು ಬಿಟ್ಟುಕೊಡುವುದು ಎಂಬ ಲೆಕ್ಕಾಚಾರ

2020ರ ಡಿಸೆಂಬರ್ 6ರಂದು ಅಮೆರಿಕನ್ ಫುಟ್ಬಾಲಿನ ನ್ಯೂಯಾರ್ಕ್ ಜೆಟ್ಸ್ ತಂಡ ಆ ಋತುವಿನ ತನ್ನ ಮೊದಲ ಗೆಲುವಿನ ಹೊಸ್ತಿಲಲ್ಲಿ ನಿಂತಿತ್ತು. ಅದುವರೆಗೆ ಆಡಿದ್ದ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದಿದ್ದ ಆ ತಂಡಕ್ಕೆ ಲಾಸ್ ವೇಗಾಸ್ ರೈಡರ್ಸ್ ವಿರುದ್ಧ 28-24ರ ಮುನ್ನಡೆ ಸಿಕ್ಕಿತ್ತು, ಪಂದ್ಯ ಮುಗಿಯಲು 13 ಸೆಕೆಂಡು ಬಾಕಿಯಿತ್ತು. ಚೆಂಡು ರೈಡರ್ಸ್ ಬಳಿಯಿದ್ದರೂ, ಅದನ್ನು ಅಂಗಳದ ಕೊನೆಯ ಗೆರೆ ದಾಟಿಸಿ ಆರು ಅಂಕ ಪಡೆಯುವ ಟಚ್‌ಡೌನ್ ಹೊರತು ಬೇರಾವುದೂ ಅವರನ್ನು ಗೆಲ್ಲಿಸುವಂತಿರಲಿಲ್ಲ. ಅದಕ್ಕೆ ಇನ್ನೂ 46 ಗಜ ಸಾಗಬೇಕಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಿನವರನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿ, ಮುಂದೆ ಸಣ್ಣಪುಟ್ಟ ಎಸೆತಗಳನ್ನು ಹಿಡಿದರೆ ಹಿಡಿಯಲಿ ಎಂದು ಬಿಡುವುದು ಎಲ್ಲ ತಂಡಗಳ ರೂಢಿ. ಜೆಟ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ ಗ್ರೆಗ್ ವಿಲಿಯಮ್ಸ್ ಅದಕ್ಕೆ ತದ್ವಿರುದ್ಧವಾಗಿ, ಹಿಂಬದಿಯಲ್ಲಿ ಕಾಯಲು ಒಬ್ಬ ಸೇಫ್ಟಿಯನ್ನೂ ಉಳಿಸದೆ, ಸಿಕ್ಕಷ್ಟು ಜನರನ್ನು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವ ಬ್ಲಿಟ್ಜ್‌ಗೆ ಆದೇಶ ಕೊಟ್ಟರು. ಡೆರೆಕ್ ಕಾರ್ ಎಸೆದ ಚೆಂಡು ಹೆನ್ರಿ ರಗ್ಸ್ ಕೈ ಸೇರಿದಾಗ ಅವರ ಹಿಂದೆ ಯಾರೂ ಇರಲಿಲ್ಲ. ರೈಡರ್ಸ್ 31-28ರಿಂದ ಗೆದ್ದಿತು; ಮರುದಿನವೇ ವಿಲಿಯಮ್ಸ್ ಕೆಲಸ ಹೋಯಿತು.

ಅಮೆರಿಕದ ವೃತ್ತಿಪರ ಫುಟ್ಬಾಲನ್ನು ನೋಡುವವರು ಸಹಜವಾಗಿಯೇ ಚೆಂಡನ್ನು ಹಿಂಬಾಲಿಸುತ್ತಾರೆ, ಅಂದರೆ ಕ್ವಾರ್ಟರ್‌ಬ್ಯಾಕನ್ನು ಹಿಂಬಾಲಿಸುತ್ತಾರೆ. ನನಗೆ ಮಾತ್ರ ಈಚೆಗೆ ಈ ಆಟದ ಅತ್ಯಂತ ಕುತೂಹಲಕರ ವ್ಯಕ್ತಿ ಎನಿಸುತ್ತಿರುವುದು ಅಂಗಳಕ್ಕೇ ಇಳಿಯದ ಡಿಫೆನ್ಸಿವ್ ಕೋಆರ್ಡಿನೇಟರ್. ತಂಡದ ಮುಖ್ಯ ತರಬೇತುದಾರನ ಕೈಕೆಳಗೆ, ಎದುರಾಳಿಗಳನ್ನು ತಡೆಯುವ ಹನ್ನೊಂದು ಜನರ ಸಂಪೂರ್ಣ ಹೊಣೆ ಇವನದು: ಯಾರು ಎಲ್ಲಿ ನಿಲ್ಲಬೇಕು, ಯಾರು ನುಗ್ಗಬೇಕು, ಯಾರು ಯಾರನ್ನು ಕಾಯಬೇಕು ಎಂಬುದನ್ನು ಪ್ರತಿ ಆಟಕ್ಕೂ (ಇಡೀ ಪಂದ್ಯವಲ್ಲ, ಚೆಂಡು ಚಲಿಸಿ ನಿಲ್ಲುವ ಒಂದೊಂದು ಸುತ್ತು) ಇವನೇ ತೀರ್ಮಾನಿಸುತ್ತಾನೆ. ಆಕ್ರಮಣದ ಕಡೆಯವರಿಗೆ ತಾವೇನು ಮಾಡಲಿದ್ದೇವೆ ಎಂಬುದು ಗೊತ್ತಿರುತ್ತದೆ, ಇವನಿಗೆ ಅದು ಗೊತ್ತಿರುವುದಿಲ್ಲ. ಈ ಕೆಲಸದ ಕಷ್ಟಗಳೆಲ್ಲ ಹುಟ್ಟುವುದು ಆ ಒಂದು ವ್ಯತ್ಯಾಸದಿಂದ.

ಸಮಯವೂ ಬಹಳ ಕಡಿಮೆ. ಒಂದು ಆಟ ಮುಗಿದು ಮುಂದಿನದು ಶುರುವಾಗಲು ಸಾಮಾನ್ಯವಾಗಿ 40 ಸೆಕೆಂಡುಗಳ ಗಡುವು. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ತರಬೇತುದಾರರಿಂದ ಆಟಗಾರನ ಹೆಲ್ಮೆಟ್‌ಗೆ ಹೋಗುವ ರೇಡಿಯೊ ಸಂಪರ್ಕ ಕಡಿದುಹೋಗುತ್ತದೆ. ಎದುರಾಳಿ ಎಸೆತ ಹಿಡಿಯುವ ಎಷ್ಟು ರಿಸೀವರ್‌ಗಳನ್ನು, ಚೆಂಡು ಹಿಡಿದು ಓಡುವ ಎಷ್ಟು ರನ್ನಿಂಗ್ ಬ್ಯಾಕ್‌ಗಳನ್ನು ಒಳಗೆ ಕಳಿಸಿದೆ ಎಂದು ನೋಡಿ, ತನ್ನವರಲ್ಲಿ ಯಾರನ್ನು ಬದಲಿಸಬೇಕೆಂದು ತೀರ್ಮಾನಿಸಿ, ಆದೇಶವನ್ನು ಹೇಳಿ ಮುಗಿಸಲು ಸಿಗುವುದು ಹೆಚ್ಚೆಂದರೆ 25 ಸೆಕೆಂಡು. ಹೆಲ್ಮೆಟ್ ಹಿಂಬದಿಯಲ್ಲಿ ಹಸಿರು ಚುಕ್ಕೆಯಿರುವ ಒಬ್ಬನಿಗೆ, ಹೆಚ್ಚಾಗಿ ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವ ಲೈನ್‌ಬ್ಯಾಕರ್‌ಗೆ, ಮಾತ್ರ ಆ ದನಿ ಕೇಳಿಸುತ್ತದೆ. ಉಳಿದ ಹತ್ತು ಜನರಿಗೆ ಅವನೇ ಕೂಗಿ ಹೇಳಬೇಕು. ಆಕ್ರಮಣದವರಿಗೆ ಈ ರೇಡಿಯೊ ಸೌಲಭ್ಯ 1994ರಲ್ಲೇ ಸಿಕ್ಕಿದ್ದರೆ, ತಡೆಯುವವರಿಗೆ ಸಿಕ್ಕಿದ್ದು 2008ರಲ್ಲಿ. ಅದಕ್ಕೂ ಮೊದಲು ಅಂಗಳದ ಅಂಚಿನಿಂದ ಕೈಸನ್ನೆ ಮಾಡುತ್ತಿದ್ದರು. 2007ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದವರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ಸಿಕ್ಕಿಬಿದ್ದದ್ದು ಜೆಟ್ಸ್ ತರಬೇತುದಾರರ ಇಂಥ ಸನ್ನೆಗಳನ್ನೇ. ಆ ತಂಡದ ಮುಖ್ಯ ತರಬೇತುದಾರ ಬಿಲ್ ಬೆಲಿಚಿಕ್‌ಗೆ ಐದು ಲಕ್ಷ ಡಾಲರ್ ದಂಡ ಬಿತ್ತು. ಆ ಸನ್ನೆಗಳ ಬೆಲೆ ಅವರಿಗೆ ಗೊತ್ತಿರದೆ ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಅವರು ಹೆಸರು ಮಾಡಿದ್ದೇ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ.

ಈ ಕೆಲಸವನ್ನು ಎಲ್ಲವನ್ನೂ ತಡೆಯುವ ಕೆಲಸವೆಂದು ತಿಳಿದರೆ ಅದು ಅರ್ಥವಾಗುವುದೇ ಇಲ್ಲ. ಹನ್ನೊಂದು ಜನರಿಂದ ಅಷ್ಟು ಅಗಲದ ಅಂಗಳವನ್ನು ಮುಚ್ಚಲು ಆಗದು. ಜೊತೆಗೆ 1978ರ ನಂತರ, ಐದು ಗಜ ದಾಟಿದ ರಿಸೀವರ್‌ನನ್ನು ಮುಟ್ಟಿ ತಡೆಯುವಂತಿಲ್ಲ ಎಂಬ ನಿಯಮ ಬಂದಮೇಲೆ, ಕಾನೂನೂ ಎಸೆಯುವವರ ಪಕ್ಷಕ್ಕೆ ವಾಲಿದೆ. ಕ್ರಿಕೆಟ್ ನಾಯಕ ಆಫ್ ಸೈಡಿನಲ್ಲಿ ಜನರನ್ನು ತುಂಬಿ ಲೆಗ್ ಸೈಡನ್ನು ತಿಳಿದೇ ಖಾಲಿ ಬಿಡುವಂತೆ, ಇಲ್ಲಿಯೂ ಏನನ್ನು ಬಿಟ್ಟುಕೊಟ್ಟರೆ ನಷ್ಟ ಕಡಿಮೆ ಎಂಬುದನ್ನು ಮೊದಲು ನಿರ್ಧರಿಸಬೇಕು.

ಇದಕ್ಕೆ 1991ರ ಜನವರಿ 27ರಂದು ಟ್ಯಾಂಪಾದಲ್ಲಿ ನಡೆದ, ಲೀಗಿನ ಚಾಂಪಿಯನ್ ಯಾರೆಂದು ನಿರ್ಧರಿಸುವ 25ನೆಯ ಸೂಪರ್ ಬೌಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಬಫಲೊ ಬಿಲ್ಸ್ ತಂಡ ಅದರ ಹಿಂದಿನ ಪಂದ್ಯವನ್ನು 51-3ರಿಂದ ಗೆದ್ದು ಬಂದಿತ್ತು. ಆಟಗಳ ನಡುವೆ ಗುಂಪುಗೂಡಿ ಮಾತಾಡಿಕೊಳ್ಳುವ ಹಡಲ್ ಮಾಡದೆ ಒಂದರ ಹಿಂದೆ ಒಂದು ಎಸೆತ ಹೂಡುತ್ತಿದ್ದ ಅದರ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿಯ ವೇಗಕ್ಕೆ ಎದುರಾಳಿಗಳು ಕಂಗೆಡುತ್ತಿದ್ದರು. ಬಿಲ್ ಪಾರ್ಸೆಲ್ಸ್ ಮುನ್ನಡೆಸುತ್ತಿದ್ದ ನ್ಯೂಯಾರ್ಕ್ ಜೈಂಟ್ಸ್‌ಗೆ ಆಗ ಬೆಲಿಚಿಕ್ ಡಿಫೆನ್ಸಿವ್ ಕೋಆರ್ಡಿನೇಟರ್. ಬಿಲ್ಸ್‌ನ ರನ್ನಿಂಗ್ ಬ್ಯಾಕ್ ಥರ್ಮನ್ ಥಾಮಸ್ ನೂರು ಗಜ ಓಡಿದರೆ ನಾವು ಗೆಲ್ಲುತ್ತೇವೆ ಎಂದು ಅವರು ತಮ್ಮ ಆಟಗಾರರಿಗೆ ಹೇಳಿದಾಗ, ಓಟವನ್ನು ತಡೆಯುವುದನ್ನೇ ಹೆಮ್ಮೆಯೆಂದು ತಿಳಿದಿದ್ದ ಆ ಜನಕ್ಕೆ ಅದು ಹುಚ್ಚುಮಾತಿನಂತೆ ಕೇಳಿಸಿತು. ಮುಂದಿನ ಸಾಲನ್ನು ತೆಳ್ಳಗೆ ಮಾಡಿ, ಹಿಂದೆ ರಿಸೀವರ್‌ಗಳನ್ನು ಕಾಯುವವರ ಸಂಖ್ಯೆ ಹೆಚ್ಚಿಸಿ, ಚೆಂಡು ಹಿಡಿದವನಿಗೆ ಪ್ರತಿ ಸಲವೂ ಬಲವಾದ ಪೆಟ್ಟು ಬೀಳುವಂತೆ ನೋಡಿಕೊಳ್ಳುವುದು ಅವರ ಯೋಜನೆಯ ತಿರುಳು. ಥಾಮಸ್ 135 ಗಜ ಓಡಿದರು. ಇತ್ತ ಜೈಂಟ್ಸ್‌ನ ಆಕ್ರಮಣ ಪಡೆ ಚೆಂಡನ್ನು ನಲವತ್ತು ನಿಮಿಷಕ್ಕೂ ಹೆಚ್ಚು ಕಾಲ ತನ್ನ ಬಳಿಯೇ ಇಟ್ಟುಕೊಂಡಿದ್ದರಿಂದ ಕೆಲ್ಲಿಗೆ ತನ್ನ ವೇಗ ತೋರಿಸಲು ಅವಕಾಶವೇ ಹೆಚ್ಚು ಸಿಗಲಿಲ್ಲ. ಕೊನೆಯ ಗಳಿಗೆಯಲ್ಲಿ ಬಿಲ್ಸ್‌ನ ಸ್ಕಾಟ್ ನಾರ್‌ವುಡ್ ಒದ್ದ 47 ಗಜದ, ಕಂಬಗಳ ನಡುವೆ ಹೋದರೆ ಮೂರು ಅಂಕ ಕೊಡುವ ಫೀಲ್ಡ್ ಗೋಲ್ ಬಲಕ್ಕೆ ತಪ್ಪಿಹೋಗಿ, ಜೈಂಟ್ಸ್ 20-19ರಿಂದ ಗೆದ್ದಿತು. ಆ ಒದೆತ ಒಳಗೆ ಹೋಗಿದ್ದರೆ ಇದೇ ಯೋಜನೆಯನ್ನು ಜನ ಹೇಗೆ ಹಳಿಯುತ್ತಿದ್ದರು ಎಂದು ನಾನು ಆಗಾಗ ಯೋಚಿಸುವುದುಂಟು. ಈಗಂತೂ ಆ ಯೋಜನೆಯ ಪ್ರತಿ ಒಹಾಯೊದ ಕ್ಯಾಂಟನ್‌ನಲ್ಲಿರುವ ವೃತ್ತಿಪರ ಫುಟ್ಬಾಲ್ ಹಾಲ್ ಆಫ್ ಫೇಮ್‌ನಲ್ಲಿದೆ.

ಬಿಟ್ಟುಕೊಡುವ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಬಿಲ್ಸ್ ತಂಡವೇ ಸಾಕ್ಷಿ. 2022ರ ಜನವರಿ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಬಿಲ್ಸ್ ಮೂರು ಅಂಕ ಮುಂದಿತ್ತು. ಉಳಿದದ್ದು ಇಲ್ಲಿಯೂ 13 ಸೆಕೆಂಡು. ಲೆಸ್ಲಿ ಫ್ರೇಜಿಯರ್ ನೋಡಿಕೊಳ್ಳುತ್ತಿದ್ದ ಅವರ ಡಿಫೆನ್ಸ್ ಆ ಋತುವಿನಲ್ಲಿ ಇಡೀ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಕೊಟ್ಟಿತ್ತು. ಅಂಥ ಡಿಫೆನ್ಸ್ ದೂರದ ಎಸೆತಕ್ಕೆ ಹೆದರಿ ಹಿಂದೆ ಸರಿದು ನಿಂತಿತು, ಮಧ್ಯಭಾಗ ತೆರೆದುಕೊಂಡಿತು. ಎದುರಾಳಿ ಚೀಫ್ಸ್ ಬಳಿ ಟೈಮ್‌ಔಟ್‌ಗಳು ಉಳಿದಿದ್ದರಿಂದ ಅವರು ಅಂಗಳದ ಅಂಚಿಗೆ ಹೋಗಿ ಗಡಿಯಾರ ನಿಲ್ಲಿಸಬೇಕಾದ ಅಗತ್ಯವೇ ಇರಲಿಲ್ಲ. ಎರಡೇ ಆಟಗಳಲ್ಲಿ 44 ಗಜ ಸಾಗಿ, ಫೀಲ್ಡ್ ಗೋಲ್ ಒದ್ದು ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ 42-36ರಿಂದ ಗೆದ್ದರು. ವಿಲಿಯಮ್ಸ್ ಹಿಂದೆ ಯಾರನ್ನೂ ಇಡದೆ ಸೋತರೆ, ಬಿಲ್ಸ್ ಮುಂದೆ ಯಾರನ್ನೂ ಇಡದೆ ಸೋತಿತು. ನನ್ನ ದೃಷ್ಟಿಯಲ್ಲಿ ಬಿಲ್ಸ್‌ನದೇ ಹೆಚ್ಚು ದೊಡ್ಡ ತಪ್ಪು, ಏಕೆಂದರೆ ಅದು ಯೋಚಿಸದೆ ರೂಢಿಗೆ ಶರಣಾದ ತಪ್ಪು.

ಈ ತೀರ್ಮಾನಗಳ ಹಿಂದಿನ ವಾರದ ದುಡಿಮೆ ಟೀವಿಯಲ್ಲಿ ಕಾಣುವುದಿಲ್ಲ. ಪಂದ್ಯ ಮುಗಿದ ಮರುದಿನ ಚಿತ್ರಿಕೆಗಳ ವೀಕ್ಷಣೆ, ಮಂಗಳವಾರ ಯೋಜನೆಯ ರಚನೆ, ಬುಧವಾರದಿಂದ ಅಭ್ಯಾಸ. ಎದುರಾಳಿಯ ಆಟವನ್ನು ಅನುಕರಿಸಿ ತೋರಿಸಲು ಮೀಸಲು ಆಟಗಾರರದೇ ಒಂದು ಗುಂಪು. ಸಾಲಿನವರಿಗೆ, ಲೈನ್‌ಬ್ಯಾಕರ್‌ಗಳಿಗೆ, ಹಿಂಬದಿಯವರಿಗೆ ಬೇರೆಬೇರೆ ತರಬೇತುದಾರರಿದ್ದರೂ ಅವರೆಲ್ಲರ ಮಾತು ಒಂದೇ ಆಗುವಂತೆ ನೋಡಿಕೊಳ್ಳುವವನು ಕೋಆರ್ಡಿನೇಟರ್.

ಆಟಗಾರರು ಇಂಥವನನ್ನು ನಂಬಿದರೆ ಎಂಥ ಬಲ ಬರುತ್ತದೆ ಎಂಬುದಕ್ಕೆ ಷಿಕಾಗೊ ಬೇರ್ಸ್‌ನ ಬಡ್ಡಿ ರಯಾನ್ ಕಥೆಯಿದೆ. 1981ರಲ್ಲಿ ಮುಖ್ಯ ತರಬೇತುದಾರ ಬದಲಾಗುವ ಸೂಚನೆ ಸಿಕ್ಕಾಗ, ರಯಾನ್‌ರನ್ನು ಮಾತ್ರ ಕಳಿಸಬೇಡಿ ಎಂದು ಡಿಫೆನ್ಸ್ ಆಟಗಾರರು ಮಾಲೀಕ ಜಾರ್ಜ್ ಹ್ಯಾಲಸ್‌ಗೆ ಪತ್ರ ಬರೆದರು, ಹ್ಯಾಲಸ್ ಒಪ್ಪಿದರು. ಹೊಸದಾಗಿ ಬಂದ ಮೈಕ್ ಡಿಟ್ಕಾಗೆ ಹೀಗೆ ತಾನು ಆರಿಸದ ಸಹಾಯಕನೊಬ್ಬ ಸಿಕ್ಕಂತಾಯಿತು, ಇಬ್ಬರಿಗೂ ಕೊನೆಯವರೆಗೂ ಹೊಂದಾಣಿಕೆಯಾಗಲಿಲ್ಲ. ಡಗ್ ಪ್ಲಾಂಕ್ ಎಂಬ ಸೇಫ್ಟಿಯ ಅಂಗಿಯ ಸಂಖ್ಯೆಯಿಂದ ‘46’ ಎಂದು ಹೆಸರಾದ ರಯಾನ್ ವ್ಯೂಹದಲ್ಲಿ ಎಂಟು ಜನ ಮುಂದೆಯೇ ಮುತ್ತಿಕೊಂಡು ನಿಲ್ಲುತ್ತಿದ್ದುದರಿಂದ ಕ್ವಾರ್ಟರ್‌ಬ್ಯಾಕ್‌ಗೆ ಉಸಿರಾಡಲೂ ಪುರಸೊತ್ತಿರುತ್ತಿರಲಿಲ್ಲ. 20ನೆಯ ಸೂಪರ್ ಬೌಲನ್ನು ಬೇರ್ಸ್ 46-10ರಿಂದ ಗೆದ್ದಿತು. ಸೋತ ಪೇಟ್ರಿಯಟ್ಸ್ ಇಡೀ ಪಂದ್ಯದಲ್ಲಿ ಓಡಿ ಗಳಿಸಿದ್ದು 7 ಗಜ. ಪಂದ್ಯ ಮುಗಿದಾಗ ಆಟಗಾರರು ಡಿಟ್ಕಾರ ಜೊತೆಗೆ ರಯಾನ್‌ರನ್ನೂ ಹೆಗಲ ಮೇಲೆ ಹೊತ್ತರು. ಆದರೆ ಆ ಋತುವಿನಲ್ಲಿ ಬೇರ್ಸ್ ಸೋತ ಒಂದೇ ಪಂದ್ಯವೂ ಇದೇ ವ್ಯೂಹದ ಬಿಟ್ಟುಕೊಟ್ಟ ಭಾಗದಿಂದಲೇ ಬಂದದ್ದು: ಮಯಾಮಿಯಲ್ಲಿ ಡ್ಯಾನ್ ಮರೀನೊ ಚೆಂಡನ್ನು ಎಷ್ಟು ಬೇಗ ಕೈಬಿಡುತ್ತಿದ್ದರೆಂದರೆ ನುಗ್ಗಿದವರು ತಲುಪುವಷ್ಟರಲ್ಲಿ ಅದು ರಿಸೀವರ್ ಬಳಿ ಇರುತ್ತಿತ್ತು. ಆ ದಿನ ಬೇರ್ಸ್ ಕೊಟ್ಟದ್ದು 38 ಅಂಕ.

ಆದೇಶವನ್ನು ಮೀರಿ ಆಟಗಾರನೇ ಯೋಚಿಸಿದ ಪ್ರಸಂಗಗಳೂ ಇವೆ. 2009ರ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಡಿಕ್ ಲಬೋ ಕೊಟ್ಟ ಆದೇಶದಂತೆ ಜೇಮ್ಸ್ ಹ್ಯಾರಿಸನ್ ನುಗ್ಗಬೇಕಿತ್ತು. ಅವರು ನುಗ್ಗುವಂತೆ ನಟಿಸಿ ಹಿಂದೆ ಸರಿದರು, ಎದುರಾಳಿ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದ ಚೆಂಡು ನೇರ ಅವರ ಕೈಗೆ ಬಂತು, ಅಲ್ಲಿಂದ 100 ಗಜ ಓಡಿ ಟಚ್‌ಡೌನ್. ನುಗ್ಗುವಂತೆ ಕಂಡವನು ಸರಿಯುವ, ಸರಿಯುವಂತೆ ಕಂಡವನು ನುಗ್ಗುವ ವಿದ್ಯೆಯನ್ನು ಬೆಳೆಸಿದವರು ಲಬೋ ಅವರೇ ಆದ್ದರಿಂದ, ಶಿಷ್ಯನ ಈ ಅವಿಧೇಯತೆಯಲ್ಲೂ ಗುರುವಿನ ಪಾಠವಿತ್ತು ಎನ್ನಬಹುದು.

ಮುಖ್ಯ ತರಬೇತುದಾರರಾಗಿ ಇವರಲ್ಲಿ ಹಲವರು ಏಳಿಗೆ ಕಾಣಲಿಲ್ಲ. ಸ್ಟೀವ್ ಸ್ಪಾಗ್ನುವೊಲೊ ಸೇಂಟ್ ಲೂಯಿಸ್ ರ‍್ಯಾಮ್ಸ್‌ನಲ್ಲಿ ಮೂರು ವರ್ಷಕ್ಕೆ ಗೆದ್ದದ್ದು 10, ಸೋತದ್ದು 38. ಕೋಆರ್ಡಿನೇಟರ್ ಆಗಿ ಮಾತ್ರ ನಾಲ್ಕು ಸೂಪರ್ ಬೌಲ್ ಗೆದ್ದವರು ಅವರು. ನಾಲ್ಕನೆಯದು 2024ರ ಫೆಬ್ರುವರಿಯಲ್ಲಿ, ಚೀಫ್ಸ್ ಪರವಾಗಿ. ಹೆಚ್ಚುವರಿ ಅವಧಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ 9 ಗಜದ ಗೆರೆಯವರೆಗೆ ಬಂದಾಗ ಅವರು ಬ್ಲಿಟ್ಜ್ ಕರೆದರು, ಕ್ರಿಸ್ ಜೋನ್ಸ್‌ರನ್ನು ತಡೆಯಲು ಯಾರೂ ಉಳಿಯಲಿಲ್ಲ, ಎಸೆತ ಗುರಿ ತಪ್ಪಿತು, ಟಚ್‌ಡೌನ್ ಬದಲು ಮೂರೇ ಅಂಕ ಸಿಕ್ಕಿತು. ಸೋತ ತಂಡದ ಡಿಫೆನ್ಸಿವ್ ಕೋಆರ್ಡಿನೇಟರ್ ಸ್ಟೀವ್ ವಿಲ್ಕ್ಸ್‌ರನ್ನು ಮೂರು ದಿನಗಳಲ್ಲಿ ತೆಗೆದುಹಾಕಿದರು.

ಮರುವರ್ಷದ ಸೂಪರ್ ಬೌಲ್‌ನಲ್ಲಿ ಸ್ಪಾಗ್ನುವೊಲೊಗೆ ಎದುರಾದವರು ಫಿಲಡೆಲ್ಫಿಯಾ ಈಗಲ್ಸ್‌ನ ವಿಕ್ ಫ್ಯಾಂಜಿಯೊ. ಬ್ಲಿಟ್ಜನ್ನು ಒಂದೇ ಒಂದು ಬಾರಿಯೂ ಬಳಸದೆ, ನಾಲ್ಕು ಜನರನ್ನಷ್ಟೇ ಕಳಿಸಿ, ಉಳಿದ ಏಳು ಜನರಿಂದ ಹಿಂಬದಿಯನ್ನು ಮುಚ್ಚಿ, ಫ್ಯಾಂಜಿಯೊರ ಪಡೆ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಆರು ಬಾರಿ ಸ್ಯಾಕ್ ಮಾಡಿತು, ಅಂದರೆ ಚೆಂಡು ಎಸೆಯುವ ಮುನ್ನವೇ ಕೆಡವಿತು. ಆ ಋತುವಿನಲ್ಲಿ 2005 ಗಜ ಓಡಿದ್ದ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿಯನ್ನು ತಡೆಯುವುದಕ್ಕೇ ಸ್ಪಾಗ್ನುವೊಲೊ ಗಮನ ಕೊಟ್ಟರು, 57 ಗಜಕ್ಕೆ ಕಟ್ಟಿಹಾಕುವುದರಲ್ಲಿ ಯಶಸ್ವಿಯೂ ಆದರು. ಹಾಗೆ ತೆರೆದುಕೊಂಡ ಜಾಗವನ್ನು ಜೇಲನ್ ಹರ್ಟ್ಸ್ ಎಸೆತದಿಂದಲೂ ಓಟದಿಂದಲೂ ಬಳಸಿಕೊಂಡು ಪಂದ್ಯಶ್ರೇಷ್ಠರಾದರು. ಈಗಲ್ಸ್ 40, ಚೀಫ್ಸ್ 22.