98 ದಿನದಲ್ಲಿ ಆಲ್‌ಸ್ಟಾರ್ ಹಬ್ಬ: ಡೆನ್ವರ್‌ನ ಎತ್ತರ, ಗಾಳಿ, ಚೆಂಡು

ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್‌ಗಳ ಆಯ್ದ ಆಟಗಾರರು ಎದುರಾಗುವ ಆಲ್‌ಸ್ಟಾರ್ ಪಂದ್ಯದಲ್ಲಿ ಗೆದ್ದರೂ ಸೋತರೂ ಅಂಕಪಟ್ಟಿಯಲ್ಲಿ ಯಾವ ತಂಡವೂ ಮೇಲೆ ಕೆಳಗೆ ಆಗುವುದಿಲ್ಲ. ಆದರೂ ಪ್ರತಿ ಜುಲೈ ನಡುವಿನಲ್ಲಿ ಬರುವ ಈ ಹಬ್ಬವನ್ನು ತಮ್ಮ ಊರಿಗೆ ಕರೆಸಿಕೊಳ್ಳಲು ಅಮೆರಿಕದ ನಗರಗಳು ವರ್ಷಗಟ್ಟಲೆ ಓಡಾಡುತ್ತವೆ. 2021ರ ಸರದಿ ಅಟ್ಲಾಂಟಾದ್ದಾಗಿತ್ತು. ಮಾರ್ಚ್ 25ಕ್ಕೆ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಹೊಸ ಮತದಾನ ಕಾನೂನಿಗೆ ಸಹಿ ಬಿತ್ತು. ಅದನ್ನು ವಿರೋಧಿಸಿ ಏಪ್ರಿಲ್ 2ರಂದು ಲೀಗ್ ಪಂದ್ಯವನ್ನು ಅಲ್ಲಿಂದ ಕಿತ್ತುಕೊಂಡಿತು, 6ರಂದು ಕೊಲರಾಡೊ ರಾಜ್ಯದ ಡೆನ್ವರ್‌ಗೆ ಕೊಟ್ಟಿತು. ಪಂದ್ಯ ಜುಲೈ 13ಕ್ಕೆ. ಎಣಿಸಿ ನೋಡಿದರೆ 98 ದಿನ.

ಅಷ್ಟು ಕಡಿಮೆ ದಿನದಲ್ಲಿ ಕೆಲಸ ಆದದ್ದಕ್ಕೆ ದೊಡ್ಡ ಕಾರಣ ಊರಿನ ನಕ್ಷೆ. ಡೆನ್ವರ್‌ನ ರಾಕೀಸ್ ತಂಡದ ಮನೆ ಕ್ರೀಡಾಂಗಣ ಕೂರ್ಸ್ ಫೀಲ್ಡ್ 1995ರಲ್ಲಿ ತೆರೆದದ್ದು, ಪೇಟೆಯ ನಡುವೆಯೇ ಇದೆ. ವಿಮಾನ ನಿಲ್ದಾಣದಿಂದ ಎ ಲೈನ್ ರೈಲು ಹತ್ತಿದರೆ 37 ನಿಮಿಷಕ್ಕೆ ಯೂನಿಯನ್ ಸ್ಟೇಷನ್, ಅಲ್ಲಿಂದ ಕ್ರೀಡಾಂಗಣಕ್ಕೆ ಹತ್ತು ನಿಮಿಷದ ನಡಿಗೆ. ಅಭಿಮಾನಿಗಳ ಆಟದ ಮೇಳವಾದ ಪ್ಲೇ ಬಾಲ್ ಪಾರ್ಕ್ ನಡೆದದ್ದು ಕೊಲರಾಡೊ ಕನ್ವೆನ್ಷನ್ ಸೆಂಟರಿನಲ್ಲಿ. ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ ಡ್ರಾಫ್ಟ್ ಅದೇ ಕಟ್ಟಡದ ಬೆಲ್ಕೊ ಥಿಯೇಟರಿನಲ್ಲಿ. ಅಲ್ಲಿಂದ ಕ್ರೀಡಾಂಗಣಕ್ಕೆ ಎರಡು ಕಿಲೋಮೀಟರ್ ಆಸುಪಾಸು. ಹೋಟೆಲುಗಳೂ ಇದೇ ಸುತ್ತಿನಲ್ಲಿವೆ. ಕ್ರೀಡಾಂಗಣ ಹೆದ್ದಾರಿ ಬದಿಯಲ್ಲೆಲ್ಲೋ ಇರುವ ಊರಾಗಿದ್ದರೆ ಬಸ್ಸು, ಪಾರ್ಕಿಂಗ್, ಪೊಲೀಸ್ ಬಂದೋಬಸ್ತಿನ ಲೆಕ್ಕಕ್ಕೇ ಆ ಮೂರು ತಿಂಗಳು ಸಾಲುತ್ತಿರಲಿಲ್ಲ.

ಇನ್ನು ಗಾಳಿಯ ವಿಷಯ. ಡೆನ್ವರ್ ಇರುವುದು ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿ, ಸರಿಯಾಗಿ ಒಂದು ಮೈಲಿ, ಅಂದರೆ ಸುಮಾರು 1,609 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ಮುನ್ನೂರು ಮೀಟರ್ ಚಿಲ್ಲರೆ ಮೇಲಿದೆ, ಅಷ್ಟೇ. ಕೂರ್ಸ್ ಫೀಲ್ಡಿನ ಮೇಲಂತಸ್ತಿನಲ್ಲಿ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ನೇರಳೆ ಸಾಲು ಇದೆ, 20ನೇ ಸಾಲು. ಅಲ್ಲಿ ಕೂತರೆ ನೀವು ಆ ಒಂದು ಮೈಲಿ ಎತ್ತರದಲ್ಲಿ ಕೂತ ಹಾಗೆ.

ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಶೇ 17-18ರಷ್ಟು ಕಡಿಮೆ. ಚೆಂಡನ್ನು ತಡೆಯುವ ಶಕ್ತಿ ಅಷ್ಟು ಕಡಿಮೆಯಾದ್ದರಿಂದ ಬೇರೆ ಕಡೆ 400 ಅಡಿ ಹೋಗುವ ಹೊಡೆತ ಇಲ್ಲಿ ಇಪ್ಪತ್ತು, ಮೂವತ್ತು ಅಡಿ ಮುಂದೆ ಹೋಗಿ ಬೀಳುತ್ತದೆ. ಚೆಂಡು ಎಸೆಯುವ ಪಿಚರ್‌ಗೆ ಪೆಟ್ಟು ಎರಡು ಕಡೆಯಿಂದ. ತಿರುಗುವ ಚೆಂಡು ಬಾಗುವುದು ಗಾಳಿಯನ್ನು ತಳ್ಳಿಕೊಂಡು. ತಳ್ಳಲು ಗಾಳಿಯೇ ಕಡಿಮೆಯಾದರೆ ಕರ್ವ್‌ಬಾಲ್ ಬಾಗಬೇಕಾದಷ್ಟು ಬಾಗದೆ ಬ್ಯಾಟಿನ ದಾರಿಗೇ ಬಂದು ನಿಲ್ಲುತ್ತದೆ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಸಲೀಸು ಎನ್ನುವಾಗ ಎಲ್ಲರೂ ಹತ್ತಿರದ ಬೌಂಡರಿಯನ್ನು ನೆನೆಯುತ್ತಾರೆ. ಊರಿನ 920 ಮೀಟರ್ ಎತ್ತರಕ್ಕೂ ಅದರಲ್ಲಿ ಪಾಲು ಕೊಡಬೇಕು.

ಇದನ್ನು ತಿಳಿದೇ ಕೂರ್ಸ್ ಫೀಲ್ಡಿನ ಔಟ್‌ಫೀಲ್ಡನ್ನು ಅಗಲ ಮಾಡಿದ್ದಾರೆ. ಬ್ಯಾಟರ್ ನಿಲ್ಲುವ ಜಾಗದಿಂದ ಎಡ ಮೂಲೆಗೆ 347 ಅಡಿ, ನಡುವಿಗೆ 415, ಬಲ ಮೂಲೆಗೆ 350. ಬೇಲಿ ದಾಟುವ ಹೊಡೆತವಾದ ಹೋಮ್ ರನ್ ಅದರಿಂದ ಸ್ವಲ್ಪ ತಗ್ಗಿತು ಸರಿ, ಆದರೆ ಫೀಲ್ಡರ್‌ಗಳ ನಡುವೆ ಖಾಲಿ ಜಾಗ ಹೆಚ್ಚಾಗಿ ಒಂದೇ ಹೊಡೆತಕ್ಕೆ ಎರಡು, ಮೂರು ಬೇಸ್ ಮುಟ್ಟುವ ಡಬಲ್, ಟ್ರಿಪಲ್‌ಗಳು ಸುರಿಯತೊಡಗಿದವು. 1998ರಲ್ಲಿ ಇಲ್ಲಿಯೇ ನಡೆದ ಆಲ್‌ಸ್ಟಾರ್ 13-8ಕ್ಕೆ ಮುಗಿದಿತ್ತು. ಆಲ್‌ಸ್ಟಾರ್ ಇತಿಹಾಸದಲ್ಲಿ ಆವರೆಗೆ ಒಂದೇ ಪಂದ್ಯದಲ್ಲಿ ಅಷ್ಟು ರನ್ ಬಂದದ್ದೇ ಇರಲಿಲ್ಲ.

ಎತ್ತರಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಅಲ್ಲಿನ ಒಣ ಹವೆಗೆ ಮಾತ್ರ ಒಂದು ಉಪಾಯ ಸಿಕ್ಕಿತು. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ ತೂಗುತ್ತದೆ. ನಡುವೆ ರಬ್ಬರ್ ಹೊದಿಸಿದ ಕಾರ್ಕಿನ ಗುಂಡು, ಅದರ ಮೇಲೆ ಬಿಗಿಯಾಗಿ ಸುತ್ತಿದ ಉಣ್ಣೆ ನೂಲು, ಮೇಲೆ 108 ಜೋಡಿ ಹೊಲಿಗೆಯ ಚರ್ಮ. ಡೆನ್ವರ್‌ನ ಹವೆಯಲ್ಲಿ ಸುಮ್ಮನೆ ಇಟ್ಟರೆ ಈ ಚೆಂಡು ತೇವ ಕಳೆದುಕೊಂಡು ಗಟ್ಟಿಯಾಗುತ್ತದೆ, ಹೊಡೆದಾಗ ಹೆಚ್ಚು ಪುಟಿಯುತ್ತದೆ. ಚರ್ಮ ನುಣುಪಾಗಿ ಪಿಚರ್‌ನ ಬೆರಳಿಗೆ ಹಿಡಿತವೂ ಸಿಗುವುದಿಲ್ಲ. ಕ್ರೀಡಾಂಗಣದ ಎಲೆಕ್ಟ್ರಿಷಿಯನ್ ಒಬ್ಬರು ಬೇಟೆಗೆ ಹಾಕಿಕೊಂಡು ಹೋಗಿದ್ದ ತಮ್ಮ ಚರ್ಮದ ಬೂಟು ಒಣಗಿ ಕಾಲಿಗೆ ಬಿಗಿಯಾದದ್ದನ್ನು ಕಂಡು, ಚೆಂಡಿಗೂ ಹೀಗೇ ಆಗುತ್ತಿರಬೇಕಲ್ಲ ಎಂದು ಯೋಚಿಸಿದರು. ಅದರಿಂದ ಹುಟ್ಟಿದ್ದೇ ಹ್ಯೂಮಿಡಾರ್: 21 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಾಪಮಾನ, ಶೇ 50ರ ತೇವಾಂಶ ಕಾಯುವ ಒಂದು ಕೋಣೆ. 2002ರಿಂದ ಪಂದ್ಯದ ಚೆಂಡುಗಳೆಲ್ಲ ಅಲ್ಲಿಂದಲೇ ಬರುತ್ತವೆ.

ಆಲ್‌ಸ್ಟಾರ್ ಪಂದ್ಯದ ಹಿಂದಿನ ದಿನ, 2021ರ ಜುಲೈ 12ರಂದು, ಯಾರು ಹೆಚ್ಚು ಹೋಮ್ ರನ್ ಹೊಡೆಯುತ್ತಾರೆ ಎಂದು ನೋಡುವ ಹೋಮ್ ರನ್ ಡರ್ಬಿ ಸ್ಪರ್ಧೆಗೆ ಮಾತ್ರ ಆ ಕೋಣೆಯ ಚೆಂಡುಗಳನ್ನು ಬಳಸಲಿಲ್ಲ. ತೆಳು ಗಾಳಿ, ಒಣ ಚೆಂಡು, ಎರಡೂ ಹೊಡೆಯುವವನ ಕಡೆಗೇ. ಪಂದ್ಯದ ಘನತೆಗೆ ಹ್ಯೂಮಿಡಾರ್ ಬೇಕು, ಹಬ್ಬದ ರಾತ್ರಿಗೆ ಬೇಡ. ಆ ನಿರ್ಧಾರ ನನ್ನ ಮಟ್ಟಿಗೆ ಸರಿಯಾದದ್ದೇ. ಆ ವರ್ಷ ಜನವರಿಯಲ್ಲಿ ತೀರಿಕೊಂಡ ಹೋಮ್ ರನ್ ದಿಗ್ಗಜ ಹ್ಯಾಂಕ್ ಆರನ್ ನೆನಪಿಗೆ ಎಲ್ಲ ಸ್ಪರ್ಧಿಗಳೂ ಅವರ 44ನೇ ಸಂಖ್ಯೆಯ ಅಂಗಿ ತೊಟ್ಟಿದ್ದರು. ಮೊದಲ ಸುತ್ತಿನಲ್ಲಿ ಹ್ವಾನ್ ಸೋಟೊ ಹೊಡೆದ ಒಂದು ಚೆಂಡು 520 ಅಡಿ ಹೋಯಿತು. ಅವನೆದುರು ಶೋಹೆ ಓಟಾನಿ. 22-22ರಲ್ಲಿ ಸಮ, ಒಂದು ನಿಮಿಷದ ಹೆಚ್ಚುವರಿ ಅವಧಿಯ ನಂತರ 28-28ರಲ್ಲಿ ಮತ್ತೆ ಸಮ. ಕೊನೆಗೆ ತಲಾ ಮೂರು ಹೊಡೆತ. ಸೋಟೊ ಮೂರನ್ನೂ ಆಚೆ ಕಳಿಸಿದ. ಓಟಾನಿ ಮೊದಲನೆಯದರಲ್ಲೇ ತಪ್ಪಿದ. ಆ ಹೊತ್ತಿಗೆ ಓಟಾನಿ ಏದುಸಿರು ಬಿಡುತ್ತಿದ್ದುದು ಟಿವಿಯಲ್ಲಿ ನೋಡಿದವರಿಗೂ ಕಾಣುತ್ತಿತ್ತು. ಚೆಂಡನ್ನು ದೂರ ಒಯ್ಯುವ ತೆಳು ಗಾಳಿಯೇ ಹೊಡೆಯುವವನ ಉಸಿರನ್ನೂ ಕಸಿಯುತ್ತದೆ.

ಗೆದ್ದದ್ದು ಪೀಟ್ ಅಲೊನ್ಸೊ. ಮೊದಲ ಸುತ್ತಿನಲ್ಲೇ 35, ಫೈನಲ್‌ನಲ್ಲಿ ಟ್ರೇ ಮನ್ಸೀನಿ ವಿರುದ್ಧ 23-22. ಡರ್ಬಿಯಲ್ಲಿ ಚೆಂಡು ಎಸೆಯುವವರನ್ನು ಹೊಡೆಯುವವನೇ ಆರಿಸಿಕೊಳ್ಳುತ್ತಾನೆ. ಅಲೊನ್ಸೊಗೆ ಎಸೆದವರು ಅವನ ತಂಡದ ಬೆಂಚ್ ಕೋಚ್ ಡೇವ್ ಜಾಸ್. ಅವರ ಕೈಯಿಂದ ಬಂದ ಚೆಂಡುಗಳು ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಬರುತ್ತಿದ್ದವು. ಗಡಿಯಾರ ಓಡುತ್ತಿರುವಾಗ ಕೆಟ್ಟ ಎಸೆತಕ್ಕೆ ಕಾದು ನಿಂತರೆ ಆ ಸೆಕೆಂಡುಗಳು ವಾಪಸ್ ಬರುವುದಿಲ್ಲ. ಡರ್ಬಿ ನೋಡುವಾಗ ಒಂದು ಕಣ್ಣು ಎಸೆಯುವವರ ಕೈ ಮೇಲೂ ಇರಲಿ.

ಕೂರ್ಸ್ ಫೀಲ್ಡಿಗೆ ಯಾವ ಪಂದ್ಯಕ್ಕೆ ಹೋದರೂ ಸೀಟು ಆರಿಸುವಾಗ ದಿಕ್ಕು ನೋಡಿ. ಬ್ಯಾಟರ್ ನಿಲ್ಲುವ ಮೂಲೆಯಿಂದ ಮೈದಾನ ಉತ್ತರಕ್ಕೆ ಚಾಚಿಕೊಂಡಿದೆ. ಮೊದಲ ಬೇಸ್ ಬದಿಯ ಮೇಲಂತಸ್ತಿನಲ್ಲಿ ಕೂತರೆ ಎದುರಿಗೆ ರಾಕಿ ಪರ್ವತಗಳ ಸಾಲು, ಜೊತೆಗೆ ಮುಳುಗುವ ತನಕ ಸೂರ್ಯನೂ ಕಣ್ಣಿಗೆ ನೇರ. ನೆರಳು ಮೊದಲು ಬೀಳುವುದು ಮೂರನೇ ಬೇಸ್ ಬದಿಗೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಲ್ಲೇ ತಗೊಳ್ಳಿ. ಬಂದಿಳಿದ ಮೊದಲ ದಿನ ತಲೆನೋವು ಬರಬಹುದು, ನೀರು ಹೆಚ್ಚು ಕುಡಿಯಿರಿ, ಬಿಯರ್ ಬೇಗ ತಲೆಗೇರುತ್ತದೆ. ಜುಲೈ ಮಧ್ಯಾಹ್ನಗಳಲ್ಲಿ ಬೆಟ್ಟದ ಕಡೆಯಿಂದ ಗುಡುಗು ಮಳೆ ದಿಢೀರನೆ ಬಂದು ಹೋಗುವುದು ಮಾಮೂಲು, ತೆಳು ರೇನ್‌ಕೋಟ್ ಒಂದು ಜೇಬಿನಲ್ಲಿರಲಿ. ಆಲ್‌ಸ್ಟಾರ್ ಟಿಕೆಟ್ ಮೊದಲು ಹೋಗುವುದು ಆತಿಥೇಯ ತಂಡದ ಸೀಸನ್ ಟಿಕೆಟ್‌ದಾರರಿಗೆ. ಪ್ಲೇ ಬಾಲ್ ಪಾರ್ಕಿನಂಥ ಮೇಳಕ್ಕೆ ಬೇರೆ ಟಿಕೆಟ್. ಕ್ರೀಡಾಂಗಣದೊಳಗೆ ಜಾಗ ಸಿಗದ ಕುಟುಂಬಗಳಿಗೆ ಹಬ್ಬ ಸಿಗುವುದು ಅಲ್ಲಿಯೇ.

ಜುಲೈ 13ರ ಮಂಗಳವಾರದ ಪಂದ್ಯ ಅಮೆರಿಕನ್ ಲೀಗ್ ಪಾಲಿಗೆ 5-2. ವ್ಲಾಡಿಮಿರ್ ಗೆರೆರೊ ಜೂನಿಯರ್ 468 ಅಡಿಯ ಹೋಮ್ ರನ್ ಹೊಡೆದು ಶ್ರೇಷ್ಠ ಆಟಗಾರನಾದ. ಓಟಾನಿ ಎಸೆತಕ್ಕೂ ಬ್ಯಾಟಿಂಗ್‌ಗೂ ತಾನೇ ಇಳಿದ. ಎಸೆತ ಮುಗಿಸಿದ ಮೇಲೂ ಅವನು ಬ್ಯಾಟರ್ ಆಗಿ ಉಳಿಯಲಿ ಎಂದು ನಿಯಮವನ್ನೇ ಸಡಿಲಿಸಿದ್ದರು. ಅದು ಮರುವರ್ಷದಿಂದ ಲೀಗ್‌ನ ಕಾಯಂ ನಿಯಮವಾಯಿತು.

ಆಲ್‌ಸ್ಟಾರ್‌ನ ಹಳೆಯ ತಲೆನೋವು ಪಿಚರ್‌ಗಳದು. ಅವರ ತೋಳು ತಮ್ಮ ತಂಡದ ಆಸ್ತಿ. ಆದ್ದರಿಂದ ಒಬ್ಬೊಬ್ಬರನ್ನು ಹೆಚ್ಚೆಂದರೆ ಒಂದೆರಡು ಇನಿಂಗ್ಸ್‌ಗಷ್ಟೇ ಬಳಸುತ್ತಾರೆ. 2002ರಲ್ಲಿ ಮಿಲ್ವಾಕಿಯಲ್ಲಿ 11 ಇನಿಂಗ್ಸ್ ಆಗುವಷ್ಟರಲ್ಲಿ ಎರಡೂ ಕಡೆ ಎಸೆಯುವವರೇ ಖಾಲಿಯಾಗಿ 7-7ರಲ್ಲಿ ಆಟ ನಿಲ್ಲಿಸಬೇಕಾಯಿತು. ಜನ ಕೂಗಿ ಛೀಮಾರಿ ಹಾಕಿದರು. 2022ರಿಂದ ಒಂಬತ್ತು ಇನಿಂಗ್ಸ್‌ಗೆ ಸಮವಾದರೆ ಡರ್ಬಿ ಮಾದರಿಯಲ್ಲಿ ತೀರ್ಮಾನ: ಪ್ರತಿ ಕಡೆಯಿಂದ ಮೂವರು, ಒಬ್ಬೊಬ್ಬರಿಗೆ ಮೂರು ಹೊಡೆತ.

ಆ ನಿಯಮ ಮೊದಲ ಸಲ ಬಳಕೆಗೆ ಬಂದದ್ದು 2025ರ ಜುಲೈ 15ರಂದು, ಅದೂ ಅಟ್ಲಾಂಟಾದಲ್ಲಿ. ನಾಲ್ಕು ವರ್ಷ ಹಿಂದೆ ಕಳೆದುಕೊಂಡ ಹಬ್ಬ ಟ್ರೂಯಿಸ್ಟ್ ಪಾರ್ಕಿಗೆ ಮರಳಿತ್ತು. ಆಟ 6-6ರಲ್ಲಿ ನಿಂತಿತು. ನ್ಯಾಷನಲ್ ಲೀಗ್ ಕಡೆಯ ಕೈಲ್ ಶ್ವಾರ್ಬರ್ ಬಂದು, ಡೆನ್ವರ್‌ನಲ್ಲಿ ಸೋಟೊ ಮಾಡಿದ ಹಾಗೆ, ಮೂರಕ್ಕೆ ಮೂರನ್ನೂ ಬೇಲಿ ದಾಟಿಸಿದ. ಡೆನ್ವರ್‌ನ ಗಾಳಿಯ ನೆರವು ಅವನಿಗಿರಲಿಲ್ಲ.